ಶಿವಪುರದ ಬಾವುಟ, ಎರಡು ತಲೆಯ ಹಕ್ಕಿ

ಬೆಂಗಳೂರಿಂದ ಮೈಸೂರಿಗೆ ಹಳೇ ರಸ್ತೇಲಿ ಹೊರಟರೆ ಮದ್ದೂರಿನ ಹತ್ತಿರ ಶಿವಪುರದ ಸತ್ಯಾಗ್ರಹ ಸೌಧ ಸಿಗುತ್ತೆ. ಅದರ ಮುಂದೆ ಹಾದುಹೋಗೋ ಕೆಎಸ್‌ಆರ್‌ಟಿಸಿ ಬಸ್ಸಿನ ಮೈ ಮೇಲೊಂದು ಹಕ್ಕಿ ಇದೆ. ಎರಡು ತಲೆ, ಒಂದೇ ಒಡಲು. ಗಂಡಭೇರುಂಡ. ದಿನಾ ನೋಡ್ತೀವಿ, ನಿಂತು ನೋಡೋದು ಕಡಿಮೆ. ಈ ಹಕ್ಕಿಗೂ ಶಿವಪುರಕ್ಕೂ ಇರೋ ನಂಟು ಇವತ್ತು ಹೇಳಬೇಕು. ಅದಕ್ಕೆ ಮೊದಲು, ಇದೇ ಥರ ದೊರೆಯ ಗುರುತಾಗಿದ್ದ ಇನ್ನೊಂದು ಪ್ರಾಣಿಯನ್ನ ನೋಡೋಕೆ ಚೀನಾಕ್ಕೆ ಹೋಗಿ ಬರೋಣ.

ಡ್ರ್ಯಾಗನ್ ಅಂದರೆ ಬೆಂಕಿ ಉಗುಳೋ ರಾಕ್ಷಸ ಅಂದುಕೊಂಡಿದ್ದೀವಲ್ಲ, ಅದು ಯುರೋಪಿನ ಕಥೆಗಳದ್ದು. ಚೀನಾದ ಡ್ರ್ಯಾಗನ್ ನೀರಿನ ಒಡೆಯ. ಮಳೆ ಅದರ ಕೈಲಿ. ಬರ ಬಂದರೆ ಅಲ್ಲಿನ ರೈತರು ಡ್ರ್ಯಾಗನ್ ದೊರೆಗೆ ಹರಕೆ ಹೊರೋರು. ಮಳೆ ಕೊಡೋನೇ ದೊಡ್ಡೋನು, ಹಾಗಾಗಿ ಚಕ್ರವರ್ತಿಯೂ ಅದನ್ನೇ ಗುರುತು ಮಾಡಿಕೊಂಡ. ಐದು ಉಗುರಿನ ಡ್ರ್ಯಾಗನ್ ಅರಮನೆಗೇ ಮೀಸಲು. ಚಿಂಗ್ ದೊರೆಗಳ ಹಳದಿ ಬಾವುಟದ ಮೇಲೂ ಅದೇ. 1912ರಲ್ಲಿ ದೊರೆತನ ಹೋಯ್ತು, ಡ್ರ್ಯಾಗನ್ ಬಾವುಟವೂ ಇಳೀತು. ಐದು ಬಣ್ಣದ ಪಟ್ಟಿಯ ಹೊಸ ಬಾವುಟ ಏರಿತು.

ನಮ್ಮ ಹಕ್ಕಿಯ ಹಾದಿ ಬೇರೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಒಂದು ಸಣ್ಣ ಕೆತ್ತನೆ ಇದೆ, ಹೋದಾಗ ತಪ್ಪದೆ ಹುಡುಕಿ. ಜಿಂಕೆಯನ್ನ ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನ ಆನೆ ಎತ್ತಿದೆ. ಆನೆ ಮೇಲೆ ಸಿಂಹ ಎರಗಿದೆ. ಸಿಂಹವನ್ನ ಶರಭ ಅನ್ನೋ ಪುರಾಣದ ಮೃಗ ಕಚ್ಚಿದೆ. ಆ ಶರಭವನ್ನೂ ಕೊಲ್ಲೋದು ಗಂಡಭೇರುಂಡ. ಬಲದ ಮೇಲೆ ಬಲ, ಎಲ್ಲದರ ತುದೀಲಿ ಈ ಹಕ್ಕಿ. ಶಿಕಾರಿಪುರದ ಹತ್ತಿರದ ಬಳ್ಳಿಗಾವಿಯಲ್ಲಂತೂ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬದ ಮೇಲೆ ಮನುಷ್ಯನ ಮೈಯ ಗಂಡಭೇರುಂಡ ಕೂತಿದೆ. ವಿಜಯನಗರದ ಅಚ್ಯುತದೇವರಾಯ ತನ್ನ ಚಿನ್ನದ ನಾಣ್ಯಕ್ಕೆ ಹಾಕಿಸಿದ್ದೂ ಇದನ್ನೇ. ಕೊಕ್ಕಲ್ಲಿ, ಉಗುರಲ್ಲಿ ಆನೆಗಳು! ಬೆರಳ ತುದಿಯಷ್ಟು ಚಿನ್ನದಲ್ಲಿ ಅಷ್ಟನ್ನೂ ಮೂಡಿಸಿದ ಕೈ ಎಂಥದ್ದಿರಬೇಕು! ಆಮೇಲೆ ಅದು ಮೈಸೂರು ಒಡೆಯರ ಲಾಂಛನವಾಯ್ತು.

ಈಗ ಶಿವಪುರಕ್ಕೆ ಬರೋಣ. 1938ರ ಏಪ್ರಿಲ್. ಶಿಂಷಾ ನದಿ ಸೀಮೆಯ ಈ ಊರಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ತ್ರಿವರ್ಣ ಧ್ವಜ ಹಾರಿಸಬಾರದು ಅಂತ ಸರ್ಕಾರದ ಆಜ್ಞೆ. ಆದರೂ ಜನ ಸಾವಿರಗಟ್ಟಲೆ ಸೇರಿದರು. ಅಧ್ಯಕ್ಷ ಟಿ. ಸಿದ್ದಲಿಂಗಯ್ಯ ಧ್ವಜ ಹಾರಿಸಿದರು, ಬಂಧನಕ್ಕೊಳಗಾದರು.

ಇದನ್ನ ಮಹಾರಾಜರ ಮೇಲಿನ ಸಿಟ್ಟು ಅಂತ ಓದಿದರೆ ನಮ್ಮ ಸೀಮೆಯ ಜನರಿಗೆ ಅನ್ಯಾಯ ಮಾಡಿದ ಹಾಗಾಗುತ್ತೆ. ಆಗ ಆಳ್ತಾ ಇದ್ದೋರು ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಗದ್ದೆಗೆ ಹರಿದಿದ್ದು ಅವರ ಕಾಲದಲ್ಲೇ. ಇವತ್ತಿಗೂ ಇಲ್ಲಿನ ಮನೆಗಳಲ್ಲಿ ಅವರ ಫೋಟೋ ಇಟ್ಟು ಪೂಜಿಸೋರಿದ್ದಾರೆ. ಕಾಂಗ್ರೆಸ್ ಕೇಳಿದ್ದೂ ಮಹಾರಾಜರ ಆಶ್ರಯದಲ್ಲೇ ಪ್ರಜೆಗಳಿಗೆ ಜವಾಬ್ದಾರಿ ಇರೋ ಸರ್ಕಾರವನ್ನ.

ಅದೇ ಏಪ್ರಿಲ್ 25ಕ್ಕೆ ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು, ಜೀವಗಳು ಹೋದವು. ಆಮೇಲೆ ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಒಪ್ಪಂದ ಆಯ್ತು: ಸಮಾರಂಭಗಳಲ್ಲಿ ತ್ರಿವರ್ಣವೂ ಗಂಡಭೇರುಂಡದ ಮೈಸೂರು ಬಾವುಟವೂ ಜೊತೇಲೇ ಹಾರಲಿ.

ಇಲ್ಲಿ ನನಗೆ ಪಂಚತಂತ್ರದ ಭಾರುಂಡ ನೆನಪಾಗುತ್ತೆ. ಅದೂ ಎರಡು ತಲೆಯ ಹಕ್ಕಿ. ಒಂದು ತಲೆ ಸಿಹಿ ಹಣ್ಣು ಹಂಚಲಿಲ್ಲ ಅಂತ ಇನ್ನೊಂದು ಹಟಕ್ಕೆ ಬಿದ್ದು ವಿಷದ ಹಣ್ಣು ತಿಂತು. ಹೊಟ್ಟೆ ಒಂದೇ ಅಲ್ವಾ, ಎರಡೂ ಸತ್ತವು. ಇದೇ ಬಗೆಯ ಹಕ್ಕಿ ಬೌದ್ಧ ಕಥೆಗಳ ಜೊತೆ ಚೀನಾಕ್ಕೂ ಹೋಗಿದೆ. ಒಂದೇ ಜೀವ ಹಂಚಿಕೊಂಡ ಹಕ್ಕಿ ಅಂತಲೇ ಅಲ್ಲಿ ಅದರ ಹೆಸರು. ಶಿವಪುರದ ವರ್ಷ ನಮ್ಮ ಮುಂದೆ ಬಂದು ನಿಂತಿದ್ದೂ ಇದೇ ಪ್ರಶ್ನೆ: ಎರಡು ತಲೆ ಹಟಕ್ಕೆ ಬಿದ್ದು ಸಾಯೋದಾ, ಜೊತೆಗೆ ಬಾಳೋದಾ?

ದೊರೆತನ ಇಲ್ಲೂ ಹೋಯ್ತು. ಹಕ್ಕಿ ಮಾತ್ರ ಇಳೀಲಿಲ್ಲ. ಮುಂದಿನ ಸಲ ಸರ್ಕಾರದ ಕಾಗದ ಕೈಗೆ ಬಂದಾಗ ಕರ್ನಾಟಕದ ಲಾಂಛನವನ್ನ ಹತ್ತಿರ ಹಿಡಿದು ನೋಡಿ. ಆಚೆ ಈಚೆ ಸಿಂಹದ ಮೈ, ಆನೆ ಮುಖದ ಶರಭಗಳು. ಬೇಲೂರಲ್ಲಿ ಶತ್ರುವಾಗಿದ್ದ ಶರಭ ಇಲ್ಲಿ ಕಾವಲಿಗಿದೆ. ನಡುವೆ ಕೆಂಪು ಗುರಾಣಿ ಮೇಲೆ ಬಿಳಿ ಗಂಡಭೇರುಂಡ. ಅದರ ಮೇಲೆ ಅಶೋಕ ಸ್ತಂಭದ ಸಿಂಹಗಳು. 1938ರಲ್ಲಿ ದೇಶದ ಬಾವುಟ, ಮೈಸೂರಿನ ಬಾವುಟ ಎರಡೂ ಒಂದೇ ಸಮಾರಂಭದಲ್ಲಿ ಹಾರಲಿ ಅಂದ ಹಾಗೇ, ಇಲ್ಲೂ ದೇಶದ ಗುರುತು, ಮೈಸೂರಿನ ಗುರುತು ಜೊತೆಗಿವೆ.