ಒಬ್ಬನಿಗಷ್ಟೇ ಎಡೆಯುಳ್ಳ ದಾರಿ

ಬೇಟೆಯಾಡಿ ಬಳಲಿ, ಹಸಿವು ನೀರಡಿಕೆಗಳಿಂದ ಕಂಗೆಟ್ಟು ಹಿಂದಿರುಗುತ್ತಿದ್ದ ಕಲ್ಮಾಷಪಾದನೆಂಬ ಇಕ್ಷ್ವಾಕುಕುಲದ ಅರಸನೂ, ವಸಿಷ್ಠರ ಹಿರಿಯ ಮಗನಾದ ಶಕ್ತಿಯೂ ಒಬ್ಬನಷ್ಟೇ ನಡೆಯಬಹುದಾದ ಇಕ್ಕಟ್ಟಿನ ಕಾಡುದಾರಿಯಲ್ಲಿ ಇದಿರುಬದಿರಾದ ಪ್ರಸಂಗವೊಂದು ಮಹಾಭಾರತದ ಆದಿಪರ್ವದಲ್ಲಿ ಬರುತ್ತದೆ. ಅತ್ತ ಸರಿಯೆಂದು ಅರಸನೂ, ಸರಿಯಬೇಕಾದವನು ನೀನೇ ಎಂದು ಮುನಿಯೂ ನಿಂತಲ್ಲೇ ನಿಂತರು. ಮಾತಿಗೆ ಮಾತು ಬೆಳೆದು ಅರಸನ ಚಾವಟಿ ಮುನಿಯ ಮೈಮೇಲೆ ಬಿದ್ದಿತು. ನರಭಕ್ಷಕನಾಗೆಂಬ ಶಾಪ ಮುನಿಯ ಬಾಯಿಂದ ಹೊರಟಿತು. ಅರಸನಾದವನು ಬ್ರಾಹ್ಮಣನಿಗೆ ದಾರಿ ಬಿಡಬೇಕೆಂಬುದು ಅಂದಿನ ಧರ್ಮವಾದುದರಿಂದ ನ್ಯಾಯವೇನೋ ಶಕ್ತಿಯ ಕಡೆಗೇ ಇದ್ದಿತು. ಆದರೆ ರಾಕ್ಷಸನಾದ ಅರಸನಿಗೆ ಮೊದಲ ತುತ್ತಾದವನೂ ಆ ಶಕ್ತಿಯೇ.

ಯಾರು ಯಾರಿಗೆ ದಾರಿ ಬಿಡಬೇಕೆಂಬುದನ್ನು ಮನುಸ್ಮೃತಿಯ ಎರಡನೆಯ ಅಧ್ಯಾಯವೂ ಹೇಳುತ್ತದೆ. ಬಂಡಿಯಲ್ಲಿ ಕುಳಿತವನು, ತೊಂಬತ್ತು ದಾಟಿದ ವೃದ್ಧ, ರೋಗಿ, ಹೊರೆ ಹೊತ್ತವನು, ಹೆಂಗಸು, ಸ್ನಾತಕ, ರಾಜ, ಮದುಮಗ, ಇವರಿಗೆ ಉಳಿದವರು ಎಡೆಗೊಡಬೇಕು. ರಾಜನ ಮಾತು ಇಂದು ಬೇಡ. ಮದುಮಗನಂತೂ ನಮ್ಮೂರಿನಲ್ಲಿ ಕುದುರೆಯೇರಿ, ಬ್ಯಾಂಡು ದೀಪಗಳೊಡನೆ, ಯಾರೂ ಬಿಡುವ ಮೊದಲೇ ಇಡೀ ದಾರಿಯನ್ನು ತೆಗೆದುಕೊಂಡಿರುತ್ತಾನೆ. ಮಿಕ್ಕ ಹೆಸರುಗಳಲ್ಲಿ ಹೆಚ್ಚಿನವು, ಪಕ್ಕಕ್ಕೆ ಸರಿಯುವುದು ಯಾರಿಗೆ ಕಷ್ಟವೋ ಅವರವು. ತಲೆಯ ಮೇಲೆ ಹೊರೆಯಿದ್ದವನು ಥಟ್ಟನೆ ತಿರುಗಲಾರ. ಮುದುಕನ ಕಾಲು ಮನಸ್ಸಿನಷ್ಟು ಬೇಗ ಏಳದು. ಬಂಡಿಯ ಎತ್ತುಗಳನ್ನು ಓರೆಮಾಡಲು ಹೊತ್ತು ಹಿಡಿಯುತ್ತದೆ. ಬಂಡಿಕಾರನ ಹೆಸರು ಮೊದಲಿದೆಯೆಂದು ಇಂದಿನ ಮೋಟಾರಿನವರು ಹಿಗ್ಗಬೇಕಾಗಿಲ್ಲ. ವೇಗವನ್ನು ತಗ್ಗಿಸುವ ಸಾಧನ ಅವರ ಪಾದದಡಿಯಲ್ಲೇ ಇರುವುದರಿಂದ, ಅಂದು ಬಂಡಿಗೆ ಸಂದ ರಿಯಾಯಿತಿ ಇಂದು ಕಾಲ್ನಡೆಯವನಿಗೆ ಸಲ್ಲತಕ್ಕದ್ದೆಂದೇ ನನಗೆ ತೋರುತ್ತದೆ.

ಹೊರೆ ಹೊತ್ತು ನಡೆಯುವವರು ನಮ್ಮ ಸೀಮೆಯ ದಾರಿಗಳಲ್ಲಿ ಇಂದಿಗೂ ಉಂಟು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಉದಯಿಸಿದಾಗ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಚೆಗೆ ಸೇರಿದುವು. ನೆಲದ ಮೇಲೆ ಗೆರೆ ಬಿದ್ದಿತೇ ಹೊರತು ನಡೆದು ಬರುವವರ ಕಾಲಿಗೆ ಅದು ತೊಡಕಾಗಲಿಲ್ಲ. ಫಾಲ್ಗುಣ ಬಂತೆಂದರೆ ಸಾಕು, ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರುಗಳ ಕಡೆಯ ಭಕ್ತರು ಯುಗಾದಿಯ ಉತ್ಸವಕ್ಕಾಗಿ ಶ್ರೀಶೈಲದ ಮಲ್ಲಯ್ಯನೆಡೆಗೆ ಹೆಗಲಮೇಲೆ ಕಂಬಿ ಹೊತ್ತು ಹೊರಡುತ್ತಾರೆ. ಅಲ್ಲಿಯ ದೇವಿ ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದು ಭಾವಿಸಿ ಅವಳಿಗಾಗಿ ಸೀರೆ ಕುಂಕುಮಗಳನ್ನು ಗಂಟುಕಟ್ಟಿಕೊಂಡಿರುತ್ತಾರೆ. ಕೆಲವರು ಹರಕೆ ಹೊತ್ತು ಮರಗಾಲಿನ ಮೇಲೆಯೇ ನಡೆಯುತ್ತಾರೆ. ಕರ್ನೂಲು ಸೀಮೆಯ ದಾರಿಗಳಲ್ಲಿ ಊರೂರಿನವರು ಅವರಿಗೆ ಮಜ್ಜಿಗೆ, ಅನ್ನ ನೀಡಿ, ಬೊಬ್ಬೆಯೆದ್ದ ಕಾಲನ್ನು ಒತ್ತಿ ಕಳುಹುವರು. ಅದೇ ದಾರಿಯಲ್ಲಿ ಹತ್ತಿಯ ಲಾರಿಗಳೂ, ಕೂಲಿಗೆ ಹೋಗುವವರನ್ನು ಕಿಕ್ಕಿರಿದು ತುಂಬಿಕೊಂಡ ಆಟೋಗಳೂ, ಹಿಂದೆ ಮೇವಿನ ಹೊರೆ ಕಟ್ಟಿದ ಸೈಕಲ್ಲುಗಳೂ ಓಡಾಡುತ್ತವೆ.

ಇಲ್ಲೊಂದು ಸೂಕ್ಷ್ಮವುಂಟು. ಹಗಲಿನ ಬಿಸಿಲಿಗೆ ಅಂಜಿ ಈ ಜನ ರಾತ್ರಿಯ ಹೊತ್ತಿನಲ್ಲಿ ಹೆಚ್ಚಾಗಿ ನಡೆಯುತ್ತಾರೆ. ಯುಗಾದಿಯಾದರೋ ಅಮಾವಾಸ್ಯೆಯ ಮರುದಿನ ಬರುವುದು. ಆದುದರಿಂದ ಕ್ಷೇತ್ರವು ಹತ್ತಿರವಾದಂತೆಲ್ಲ ಚಂದ್ರ ಕ್ಷೀಣಿಸಿ, ಕಾಲು ದಣಿದಷ್ಟೂ ಕತ್ತಲೆ ದಟ್ಟವಾಗುತ್ತ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನವು ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಮಿಗಿಲಾಗಿ ಸಾಗುತ್ತದೆ. ಕಣ್ಣು ಕಂಡುದನ್ನು ಮನಸ್ಸು ತಿಳಿದು, ಪಾದವು ಬ್ರೇಕಿನ ಮೇಲೆ ಬೀಳುವ ಮೊದಲೇ ಅಷ್ಟು ನೆಲ ಹಿಂದಾಗಿರುತ್ತದೆ. ಲಾರಿ ನಿಲ್ಲಲು ಮತ್ತಷ್ಟು ನೆಲ ಬೇಕು. ಚಾಲಕನು ದಯಾಳುವಾಗಿದ್ದರೂ ಕಾಣದವನಿಗೆ ದಯೆ ತೋರುವುದು ಹೇಗೆ? ಹಿಂದೆ ಬಂಡಿಯ ಅಡಿಯಲ್ಲಿ ತೂಗುತ್ತಿದ್ದ ಕಂದೀಲು ದಾರಿ ತೋರಿಸಿದ್ದಕ್ಕಿಂತ ಬಂಡಿಯನ್ನು ತೋರಿಸಿದ್ದೇ ಹೆಚ್ಚು. ಆ ಕೆಲಸವನ್ನು ಈಗ ಜನ ರೇಡಿಯಂ ಎನ್ನುವ ಹೊಳೆಯುವ ಪಟ್ಟಿ ಮಾಡಬಲ್ಲುದು. ಬಂಡಿಯ ಹಿಂಬದಿಗೆ, ಕಂಬಿಯ ತುದಿಗೆ, ಸೈಕಲ್ಲಿನ ಮಡ್‌ಗಾರ್ಡಿಗೆ ಅಂಟಿಸಿದರಾಯಿತು. ವಾಹನಗಳೆಲ್ಲ ಎಡಗಡೆ ನಡೆಯುವ ನಮ್ಮಲ್ಲಿ ಕಾಲ್ನಡೆಯವರು ಬಲದಂಚನ್ನು ಹಿಡಿದು, ಬರುವ ದೀಪಕ್ಕೆ ಮುಖಗೊಟ್ಟು ನಡೆದರೆ, ಬೆನ್ನಹಿಂದಿನಿಂದ ಎರಗುವ ಅಪಾಯವಾದರೂ ತಪ್ಪೀತು. ಹಾಡಿನ ಭರದಲ್ಲಿ ನಾಲ್ಕು ಜನ ಒತ್ತೊತ್ತಾಗಿ ರಸ್ತೆಯ ನಡುವೆ ನಡೆಯುವುದು ಭಕ್ತಿಯ ಲಕ್ಷಣವೇನೂ ಅಲ್ಲ. ಶಕ್ತಿಯಂತೆ ನ್ಯಾಯವನ್ನು ಬೆನ್ನಿಗಿಟ್ಟುಕೊಂಡು ತುತ್ತಾಗುವವರು ಇವರೇ.

ಪ್ರಾಣಿಗಳ ವಿಷಯ ಇನ್ನೂ ನಾಜೂಕಿನದು. ಒಂದು ಕಾಲಕ್ಕೆ ಆದವಾನಿಯ ಕೋಟೆಯನ್ನು ವಿಜಯನಗರದ, ಬಿಜಾಪುರದ ದಂಡುಗಳ ಕುದುರೆಗಳು ಹತ್ತಿಳಿದುವು. ಇಂದು ಉಳಿದಿರುವುದು ಮೆರವಣಿಗೆಯ ಕುದುರೆಯೂ, ಅಲೆಮಾರಿ ಕುರಿಗಾರರ ಹೇರು ಹೊರುವ ತಟ್ಟುವೂ ಮಾತ್ರ. ಸವಾರನ ಮನಸ್ಸೊಂದು, ಕುದುರೆಯ ಮನಸ್ಸು ಬೇರೊಂದು. ಹಿಂದಿನಿಂದ ಕಿವಿಗಡಚಿಕ್ಕುವ ಹಾರನ್ನು ಕೇಳಿ ಬೆದರಿದ ಪ್ರಾಣಿ ಓಡುವುದು ಹಲವೊಮ್ಮೆ ರಸ್ತೆಯ ನಡುವಿಗೇ. ದೂರದಲ್ಲೇ ವೇಗವಿಳಿಸಿ, ಸದ್ದಡಗಿಸಿ, ಅಗಲವಾಗಿ ಬಳಸಿ ಹೋಗುವ ಚಾಲಕರೂ ಇದ್ದಾರೆ. ಬಹುಶಃ ಅವರ ಮನೆಯಲ್ಲಿ ಎತ್ತು ಕಟ್ಟಿದ್ದವರಿರಬೇಕು.

ಕೆಲವು ವರ್ಷಗಳ ಹಿಂದೆ, ಅಮಾವಾಸ್ಯೆಗೆ ಎರಡು ಮೂರು ದಿನಗಳಿದ್ದಾಗ, ಊರಿನಾಚೆ ಹಳ್ಳಕ್ಕೆ ಕಟ್ಟಿದ ಹಳೆಯ ಕಿರುಸೇತುವೆಯ ಬಳಿ ಬಸ್ಸು ಕೆಟ್ಟು ನಾನು ರಸ್ತೆಯಂಚಿನಲ್ಲಿ ನಿಂತಿದ್ದೆ. ಮರಗಾಲಿನ ಭಕ್ತನೊಬ್ಬ ಸೇತುವೆಯ ನಡುವಿಗೆ ಬಂದಿದ್ದ. ಸರಿಯಲು ಅತ್ತ ಎಡೆಯಿಲ್ಲ, ಇತ್ತ ಎಡೆಯಿಲ್ಲ. ಇದಿರಿನಿಂದ ಹತ್ತಿಯ ಅಂಡಿಗೆಗಳನ್ನು ಹೇರಿದ ಲಾರಿಯೊಂದು ಬಂದು, ಸೇತುವೆಗೆ ಬಹುದೂರದಲ್ಲಿಯೇ ಗೇರು ಇಳಿಸಿ ನಿಂತಿತು. ಚಾಲಕನು ಕಣ್ಣು ಕುಕ್ಕುತ್ತಿದ್ದ ದೀಪವನ್ನು ಡಿಮ್ಮಿಗೆ ಇಳಿಸಿ, ಎಂಜಿನ್ನನ್ನೂ ಆರಿಸಿಬಿಟ್ಟ. ಆಮೇಲೆ ಬಹಳ ಹೊತ್ತು ಕೇಳಿಸುತ್ತಿದ್ದುದು ಸೇತುವೆಯ ಮೇಲೆ ಮರ ತಾಗುವ ಟಕ್ ಟಕ್ ಸದ್ದೊಂದೇ.