ಬಾಣಂತಿಯ ಊಟ: ಕೊಡುವುದೇನು, ತಡೆಯುವುದೇನು?

(ಸ್ತನ್ಯಪಾನ ಸಪ್ತಾಹದ ಅಂಗವಾಗಿ ಅಂಗನವಾಡಿ ಕಾರ್ಯಕರ್ತೆಯರು ಮತ್ತು ತಾಯಂದಿರ ಸಭೆಯೊಂದರಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಪಠ್ಯ)



ಬಾಣಂತನದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ ಎಂದಾಗ ಮೊದಲು ನಕ್ಕವರು ನಮ್ಮಮ್ಮ. ಒಂದು ಮಗುವಿಗೂ ಎಣ್ಣೆ-ನೀರು ಹಾಕದ ಹುಡುಗಿ, ನಾಲ್ಕಾರು ಬಾಣಂತನ ಮಾಡಿ ಕೈ ಪಳಗಿದವರ ಮುಂದೆ ಏನು ಹೇಳಿಯಾಳು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಪತ್ರಿಕೆಯವರ ಕಸುಬು ಕೇಳಿ ತಿಳಿಯುವುದು. ಕಳೆದ ವರ್ಷ ನಮ್ಮ ಮನೆಯಲ್ಲೇ ಅಕ್ಕನ ಬಾಣಂತನ ನಡೆಯಿತು. ಆಗ ಎದ್ದ ಪ್ರಶ್ನೆಗಳನ್ನು ವೈದ್ಯರಲ್ಲೂ ಪುಸ್ತಕಗಳಲ್ಲೂ ಕೇಳಿಕೊಂಡು ಬಂದಿದ್ದೇನೆ, ಅಷ್ಟೆ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಅಜ್ಜಿ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡಿದ್ದರು. ಬೆಳಿಗ್ಗೆ ಮೆಂತ್ಯದ ಗಂಜಿ, ಮಧ್ಯಾಹ್ನ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಊಟದ ಮೇಲೆ ಓಮ, ವೀಳ್ಯದೆಲೆ. ರಾತ್ರಿ ನೆಲ್ಲಿಕಾಯಿ ಗಾತ್ರದ ಲೇಹ್ಯ. ಉತ್ತರ ಕರ್ನಾಟಕದವರು ಈ ಪಟ್ಟಿಗೆ ಅಳವಿ ಪಾಯಸವನ್ನೂ ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿದ ಅಂಟಿನ ಉಂಡೆಯನ್ನೂ ಸೇರಿಸುತ್ತಾರೆ. ಕರಾವಳಿಯಲ್ಲಿ ಮೆಂತ್ಯದ ಗಂಜಿಗೆ ತೆಂಗಿನಹಾಲು ಬೀಳುತ್ತದೆ. ಮೀನು ತಿನ್ನುವವರ ಮನೆಯಲ್ಲಿ ಸಣ್ಣ ಶಾರ್ಕ್ ಮೀನಿನ ಸಾರೂ ಉಂಟು. ಇದನ್ನು ತಿಂದರೆ ಹಾಲು ಬರುತ್ತದೆಂಬ ನಂಬಿಕೆಯಿಂದಲೇ ಒಂದು ಜಾತಿಯ ಶಾರ್ಕ್‌ಗೆ ಇಂಗ್ಲಿಷಿನಲ್ಲಿ ‘ಮಿಲ್ಕ್ ಶಾರ್ಕ್’ ಎಂಬ ಹೆಸರು ನಿಂತಿದೆ.

ಇದೆಲ್ಲ ಎಷ್ಟು ಹಳೆಯದು? ‘ಚರಕಸಂಹಿತೆ’ಯಲ್ಲಿ ‘ಸ್ತನ್ಯಜನನ’ ಎಂಬ ಒಂದು ಗುಂಪೇ ಇದೆ. ಹಾಲು ಹುಟ್ಟಿಸುವ ಹತ್ತು ಮೂಲಿಕೆಗಳ ಪಟ್ಟಿ ಅದು. ಓದಿ ನೋಡಿದರೆ ಆಶ್ಚರ್ಯವಾಗುತ್ತದೆ. ಲಾವಂಚ, ಬತ್ತ, ದರ್ಭೆ, ಕುಶ ಹೀಗೆ ಬಹುಪಾಲು ಹುಲ್ಲಿನ ಜಾತಿಯ ಗಿಡಗಳ ಬೇರುಗಳು. ನಮ್ಮಜ್ಜಿಯ ಮೆಂತ್ಯವಾಗಲಿ, ಸಬ್ಬಸಿಗೆಯಾಗಲಿ ಆ ಹತ್ತರಲ್ಲಿ ಇಲ್ಲ. ಇಂದು ಔಷಧದ ಅಂಗಡಿಯಲ್ಲಿ ಬಾಣಂತಿಯರಿಗೆಂದು ಡಬ್ಬಿ ಡಬ್ಬಿಯಾಗಿ ಮಾರಾಟವಾಗುವ ಶತಾವರಿಯೂ ಇಲ್ಲ. ಹಳ್ಳಿಯಲ್ಲಿ ‘ಹಲವು ಮಕ್ಕಳ ತಾಯಿ ಬೇರು’ ಎನ್ನುತ್ತಾರಲ್ಲ, ಅದೇ ಶತಾವರಿ. ಅಂದರೆ ಮನೆಯ ಮದ್ದು ಶಾಸ್ತ್ರದಿಂದ ನೇರವಾಗಿ ಇಳಿದು ಬಂದದ್ದಲ್ಲ. ಆಯಾ ಊರಿನ ಹಿತ್ತಲಲ್ಲಿ ಏನು ಬೆಳೆಯಿತೋ, ಅಜ್ಜಿಯರ ಅನುಭವಕ್ಕೆ ಏನು ಬಂತೋ ಅದು ಬಾಣಂತಿಯ ತಟ್ಟೆಗೆ ಬಂದಿದೆ.

ಸುಶ್ರುತ ಹೇಳುವ ಮಾತೊಂದು ನನಗೆ ಇನ್ನೂ ಮುಖ್ಯವೆನಿಸಿತು. ಮಗುವನ್ನು ನೋಡುವುದರಿಂದ, ಮುಟ್ಟುವುದರಿಂದ, ನೆನೆಯುವುದರಿಂದ ಹಾಲು ಸುರಿಯುತ್ತದೆ, ಅದಕ್ಕೆ ಎಡೆಬಿಡದ ಪ್ರೀತಿಯೇ ಕಾರಣ ಎನ್ನುತ್ತಾನೆ ಆತ. ಸಿಟ್ಟು ಮತ್ತು ದುಃಖದಿಂದ ಹಾಲು ಬತ್ತುತ್ತದೆಂದೂ ಹೇಳುತ್ತಾನೆ. ಇಂದಿನ ವೈದ್ಯರು ಇದನ್ನೇ ಹಾರ್ಮೋನುಗಳ ಭಾಷೆಯಲ್ಲಿ ವಿವರಿಸುತ್ತಾರೆ. ಮಗು ಚೀಪಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತದೆ. ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಗೆ ತಳ್ಳುತ್ತದೆ. ಮಗುವಿನ ಅಳು ಕಿವಿಗೆ ಬಿದ್ದರೂ ಕೆಲವು ತಾಯಂದಿರ ರವಿಕೆ ಒದ್ದೆಯಾಗುವುದು ಈ ಎರಡನೆಯದರ ಕೆಲಸ. ಹೆದರಿಕೆ, ನೋವು, ಅವಮಾನ ಇದನ್ನು ತಡೆಯುತ್ತವೆ. ಇನ್ನೊಂದು ಮಾತು: ಎದೆಯಲ್ಲಿ ಹಾಲು ತುಂಬಿ ನಿಂತರೆ ಹೊಸ ಹಾಲಿನ ತಯಾರಿ ನಿಧಾನವಾಗುತ್ತದೆ. ಖಾಲಿಯಾದಷ್ಟೂ ಹೆಚ್ಚು ಬರುತ್ತದೆ. ಹಸು ಕಟ್ಟಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸೊಪ್ಪು, ಬೇರು, ಕಾಳುಗಳಿಂದ ಪ್ರಯೋಜನವಿಲ್ಲವೇ? ಪರೀಕ್ಷೆಗಳು ನಡೆದಿವೆ. ಶತಾವರಿ ಸೇರಿದ ಔಷಧದ ಬಗ್ಗೆ 1996ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹಾಲು ಕಡಿಮೆ ಎಂದು ಬಂದ ತಾಯಂದಿರಲ್ಲಿ ಕೆಲವರಿಗೆ ಔಷಧ, ಉಳಿದವರಿಗೆ ಬರೀ ಹೆಸರಿಗೊಂದು ಪುಡಿ. ಕೊನೆಗೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ 60 ತಾಯಂದಿರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಶತಾವರಿ ಸೇವಿಸಿದವರ ಪ್ರೊಲ್ಯಾಕ್ಟಿನ್ ಚೆನ್ನಾಗಿ ಏರಿತು. ಅದೇ ವರ್ಷ ಟರ್ಕಿಯ ವೈದ್ಯರು ಮೆಂತ್ಯವಿದ್ದ ಕಷಾಯದಿಂದ ಮೊದಲ ದಿನಗಳಲ್ಲಿ ಹಾಲು ಹೆಚ್ಚಾಯಿತೆಂದು ವರದಿ ಮಾಡಿದರು. 2020ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 41 ಪ್ರಯೋಗಗಳನ್ನು, ಸುಮಾರು ಮೂರು ಸಾವಿರ ತಾಯಂದಿರ ಲೆಕ್ಕವನ್ನು ಒಟ್ಟಿಗೆ ತೂಗಿ ನೋಡಿತು. ಗಿಡಮೂಲಿಕೆಗಳಿಂದ ಸ್ವಲ್ಪ ಉಪಯೋಗ ಇರಬಹುದು, ಆದರೆ ಪುರಾವೆ ತೀರ ದುರ್ಬಲ ಎಂಬುದು ಅದರ ತೀರ್ಪು. ಅಜ್ಜಿಗೆ ಇದನ್ನು ಹೇಳಿದೆ. “ಮೆಂತ್ಯ ತಿಂದು ಯಾರಾದ್ರೂ ಸತ್ತಿದ್ದಾರಾ?” ಎಂದರು.

ಇಲ್ಲ. ಅಡುಗೆಯ ಪ್ರಮಾಣದಲ್ಲಿ ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿಯಿಂದ ಅಪಾಯವಿಲ್ಲ. ಸಬ್ಬಸಿಗೆಯಲ್ಲಿ ವಾಯು ಇಳಿಸುವ ಗುಣವಿದೆ. ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ 1851ರಲ್ಲಿ ಹೊರತಂದ ಗ್ರೈಪ್ ವಾಟರ್‌ನಲ್ಲಿದ್ದದ್ದೂ ಇದೇ ಸಬ್ಬಸಿಗೆ ಬೀಜದ ಎಣ್ಣೆ. ಜೊತೆಗೆ ಸೋಡ, ಸಕ್ಕರೆ ಮತ್ತು ಮದ್ಯಸಾರ! ಆದರೆ ಮೆಂತ್ಯವನ್ನು ಚಮಚಗಟ್ಟಲೆ ಪುಡಿ ಮಾಡಿಯೋ ಮಾತ್ರೆಯ ರೂಪದಲ್ಲೋ ತಿನ್ನುವಾಗ ಜೋಪಾನ. ಅದು ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಿಯೇ ತಿನ್ನಬೇಕು. ಕಡಲೆಕಾಯಿ, ಕಡಲೆ ಒಗ್ಗದವರಿಗೆ ಮೆಂತ್ಯವೂ ಒಗ್ಗದಿರಬಹುದು. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಪುಡಿ, ಭಸ್ಮಗಳಲ್ಲಿ ಸೀಸವೋ ಪಾದರಸವೋ ಇದ್ದರೆ ಅದು ಹಾಲಿನ ಮೂಲಕ ಮಗುವಿಗೂ ಹೋಗುತ್ತದೆ. ಇನ್ನು ಬಜೆ ತೇಯ್ದು, ಜೇನಿನಲ್ಲಿ ಕಲಸಿ ಮಗುವಿಗೇ ನೆಕ್ಕಿಸುವುದನ್ನು ಬಿಡಲೇಬೇಕು. ವರ್ಷ ತುಂಬದ ಮಗುವಿಗೆ ಜೇನು ಕೂಡದು.

ಹಾಲು ತರಿಸುವ ಗಿಡವಿದ್ದಂತೆ ಹಾಲು ನಿಲ್ಲಿಸುವ ಹೂವೂ ಇದೆ. ಮಗುವನ್ನು ಕಳೆದುಕೊಂಡ ತಾಯಿಗೆ ಎದೆ ಕಟ್ಟಿ ನೋವಾಗುವಾಗ ಮಲ್ಲಿಗೆ ಹೂವನ್ನು ಎದೆಗೆ ಕಟ್ಟುವ ರೂಢಿ ದಕ್ಷಿಣ ಭಾರತದಲ್ಲಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಬ್ರೋಮೊಕ್ರಿಪ್ಟಿನ್ ಎಂಬ ಮಾತ್ರೆಯೊಂದಿಗೆ ಹೋಲಿಸಿ 1988ರಲ್ಲಿ ವರದಿ ಪ್ರಕಟಿಸಿದರು. ಪ್ರೊಲ್ಯಾಕ್ಟಿನ್ ಇಳಿಸುವುದರಲ್ಲಿ ಮಾತ್ರೆ ಮುಂದಿತ್ತು, ಆದರೆ ಹಾಲು ನಿಲ್ಲಿಸುವುದರಲ್ಲಿ ಮಲ್ಲಿಗೆ ಹಿಂದೆ ಬೀಳಲಿಲ್ಲ. ಅಜ್ಜಿಯರ ಮಾತನ್ನು ಪರೀಕ್ಷಿಸದೆ ತಳ್ಳಿಹಾಕಬಾರದೆಂಬುದಕ್ಕೆ ಈ ಉದಾಹರಣೆಯನ್ನು ನಾನು ಎಲ್ಲ ಕಡೆ ಹೇಳುತ್ತೇನೆ.

ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಬಾಣಂತಿಗೆ ಏನು ಕೊಡುತ್ತೇವೆ ಎಂಬುದನ್ನಲ್ಲ, ಏನನ್ನು ತಡೆಯುತ್ತೇವೆ ಎಂಬುದನ್ನು. ಪಥ್ಯ ಎಂಬ ಹೆಸರಿನಲ್ಲಿ ಹಣ್ಣು ಬೇಡ, ಶೀತ. ಬೇಳೆ ಬೇಡ, ವಾಯು. ತರಕಾರಿ ಬೇಡ, ಮಗುವಿಗೆ ಭೇದಿ. ನೀರಂತೂ ಬೇಡವೇ ಬೇಡ, ಹೊಟ್ಟೆ ಬರುತ್ತದೆ. ಕೊನೆಗೆ ಉಳಿಯುವುದು ಪಾಲಿಶ್ ಮಾಡಿದ ಅಕ್ಕಿಯ ಅನ್ನ, ತುಪ್ಪ, ಮೆಣಸಿನ ಸಾರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ವರದಿಯೊಂದನ್ನು ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ಮೂರು ತಿಂಗಳಿನ ಹಸುಗೂಸುಗಳು ಏದುಸಿರು ಬಿಡುತ್ತಾ ಬರುತ್ತಿದ್ದವು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯ ಸೋಲುತ್ತಿತ್ತು. ಅಂಥ ಇನ್ನೂರಕ್ಕೂ ಹೆಚ್ಚು ಮಕ್ಕಳು. ಎಲ್ಲವೂ ತಾಯಿಯ ಹಾಲನ್ನೇ ಕುಡಿಯುತ್ತಿದ್ದ ಮಕ್ಕಳೆಂದೇ ಹೇಳಬಹುದು. ತಾಯಂದಿರು ಪಾಲಿಶ್ ಅಕ್ಕಿ ಉಂಡು ಪಥ್ಯ ಹಿಡಿದಿದ್ದವರು. ಅವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ ಇರಲಿಲ್ಲ, ಆದ್ದರಿಂದ ಹಾಲಿನಲ್ಲೂ ಇರಲಿಲ್ಲ. ಥಯಾಮಿನ್ ಚುಚ್ಚುಮದ್ದು ಕೊಟ್ಟ ಕೂಡಲೇ ಬಹುಪಾಲು ಮಕ್ಕಳು ಚೇತರಿಸಿಕೊಂಡವು. ಕೆಲವು ಉಳಿಯಲಿಲ್ಲ.

ಬೇಳೆಯಲ್ಲಿ, ಕಾಳಿನಲ್ಲಿ, ತೌಡು ಹೋಗದ ಅಕ್ಕಿಯಲ್ಲಿ ಈ ಜೀವಸತ್ವ ಸಿಗುತ್ತದೆ. ಇದೇ ಪಥ್ಯವನ್ನು ನಮ್ಮಜ್ಜಿಯರು ಹಿಡಿದಾಗ ಹೀಗಾಗಲಿಲ್ಲವೇಕೆ ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತೌಡು ಇರುತ್ತಿತ್ತು. ಅಕ್ಕಿ ಬದಲಾಯಿತು, ಪಥ್ಯ ಮಾತ್ರ ಹಾಗೇ ಉಳಿಯಿತು. ಆಗ ಸತ್ತ ಕೂಸುಗಳನ್ನು ಬಾಲಗ್ರಹ ಎಂದು ಮಣ್ಣು ಮಾಡಿರಲೂಬಹುದು.

ಮೊದಲ ದಿನದ ಹಳದಿ ಹಾಲಿನ ಕತೆಯೂ ಇಂಥದೇ. ಕೆಟ್ಟ ಹಾಲೆಂದು ಅದನ್ನು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 89 ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ನೂರಕ್ಕೆ 42 ಮಕ್ಕಳಿಗೆ ಮಾತ್ರ. ಇದನ್ನು ಅಜ್ಜಿಯರ ತಲೆಗೆ ಕಟ್ಟುವಂತಿಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಹತ್ತನೆಯ ದಿನ ಮಗು ಅತ್ತೂ ಅತ್ತೂ ಸುಸ್ತಾದಾಗ ಹಾಲು ಸಾಲದೆಂದು ಮನೆಯವರೆಲ್ಲ ತೀರ್ಮಾನಿಸಿದರು. ಲೇಹ್ಯ ಎರಡು ಹೊತ್ತಾಯಿತು. ರಾತ್ರಿ ಅಕ್ಕ ಮಲಗಲಿ ಎಂದು ಬಾಟಲಿ ಹಾಲು ಶುರುವಾಯಿತು. ಬಾಟಲಿ ಬಂದ ಮೇಲೆ ಮಗು ಎದೆಗೆ ಬರುವುದು ಕಡಿಮೆಯಾಯಿತು, ಹಾಲೂ ಇಳಿಯಿತು. ಅಜ್ಜಿ ಇನ್ನಷ್ಟು ಮೆಂತ್ಯ ಹುರಿದರು. ಅಕ್ಕ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಆಗ ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆಯೊಬ್ಬರು ಮಗುವನ್ನು ಎತ್ತಿ ಹಿಡಿಯುವ ರೀತಿಯನ್ನೇ ಬದಲಿಸಿದರು. ಮಗು ಮೊಲೆತೊಟ್ಟನ್ನಷ್ಟೇ ಕಚ್ಚುತ್ತಿತ್ತು, ಬಾಯಿ ತುಂಬ ಹಿಡಿಯುತ್ತಿರಲಿಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ತಪ್ಪದೆ ಕುಡಿಸಿ ಎಂದರು. ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತಿದೆಯೇ, ತೂಕ ಏರುತ್ತಿದೆಯೇ ನೋಡಿ, ಅಳುವೊಂದನ್ನೇ ನೋಡಬೇಡಿ ಎಂದರು. ಬಾಣಂತಿಗೆ ಬಾಯಾರಿದಷ್ಟು ನೀರು, ಬೇಳೆ, ಹಣ್ಣು ಕೊಡಿ ಎಂದರು. ಮೆಂತ್ಯದ ಗಂಜಿಯನ್ನು ನಿಲ್ಲಿಸಲು ಹೇಳಲಿಲ್ಲ. ಅಜ್ಜಿಗೆ ಅವರು ಹಿಡಿಸಿದ್ದು ಅದಕ್ಕೇ ಇರಬೇಕು.

ಬಾಟಲಿ ಬಿಡಲು ಮೂರು ವಾರ ಬೇಕಾಯಿತು. ಆ ಮೂರು ವಾರ ಅಕ್ಕ ಒಂದು ಪಾತ್ರೆ ಮುಟ್ಟಲಿಲ್ಲ, ಒಂದು ಬಟ್ಟೆ ಒಗೆಯಲಿಲ್ಲ. ಅಜ್ಜಿ ಮುಟ್ಟಗೊಡಲಿಲ್ಲ. ಹಾಲು ಬಂದದ್ದು ಲೇಹ್ಯದಿಂದಲೇ ಎಂದು ಅವರು ಇವತ್ತಿಗೂ ಹೇಳುತ್ತಾರೆ. ನಾವು ಯಾರೂ ವಾದಿಸುವುದಿಲ್ಲ. ಈಗ ಬಾಣಂತಿಯ ತಟ್ಟೆಗೆ ತೊವ್ವೆಯನ್ನು ಬಡಿಸುವವರೂ ಅವರೇ.