ಎಯಿನ್ ಕೆರೆಮಿನ ಬೆಟ್ಟದ ಮೇಲೆ
(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ರೋಗಿಗಳ ದಿನದಂದು ಮಾಡಿದ ಭಾಷಣ)



ವೇದಿಕೆಯ ಮೇಲೆ ನಿಂತು ಮಾತನಾಡಿ ನನಗೆ ಅಭ್ಯಾಸವಿಲ್ಲ. ದಾದಿಯಾದವಳಿಗೆ ರೋಗಿಯ ಮಂಚದ ಪಕ್ಕವೇ ವೇದಿಕೆ. ಪವಿತ್ರ ನಾಡಿನಲ್ಲಿ ಏಳು ವರ್ಷ ಇದ್ದು ಬಂದವಳು ಅಲ್ಲಿಯ ಪುಣ್ಯಕ್ಷೇತ್ರಗಳನ್ನು ಕುರಿತು ನಾಲ್ಕು ಮಾತು ಹೇಳಲಿ ಎಂಬುದು ಸಮಿತಿಯವರ ಅಪೇಕ್ಷೆಯಾಗಿತ್ತು. ಕ್ಷೇತ್ರಗಳನ್ನು ನಾನು ಕಂಡದ್ದು ನಿಜ, ಆದರೆ ರಜೆ ದೊರೆತ ದಿನಗಳಲ್ಲಿ ಮಾತ್ರ. ನಮ್ಮ ಕರಾವಳಿಯಿಂದ ಅಲ್ಲಿಗೆ ಹೋದ ಅನೇಕರಂತೆ ನಾನೂ 2009ರಿಂದ 2016ರವರೆಗೆ ಜೆರುಸಲೇಮಿನ ಒಂದು ಯೆಹೂದ್ಯ ಮನೆಯಲ್ಲಿ ವೃದ್ಧೆಯೊಬ್ಬರ ಶುಶ್ರೂಷೆಗಾಗಿ ಇದ್ದೆ. ಆ ಮನೆಯ ಕಥೆಯನ್ನೇ ಹೇಳಲು ಅಪ್ಪಣೆ ಕೇಳಿದೆ, ಗುರುಗಳು ಕೊಟ್ಟರು. ಅವರ ಹೆಸರುಗಳನ್ನು ಮಾತ್ರ ಹೇಳಲಾರೆ.

ವೃದ್ಧೆಯನ್ನು ಎಲ್ಲರೂ ‘ಸವ್ತಾ’ ಎನ್ನುತ್ತಿದ್ದರು. ಹೀಬ್ರೂ ಭಾಷೆಯಲ್ಲಿ ಅಜ್ಜಿ ಎಂದರ್ಥ. ಮಗ, ಸೊಸೆ, ಆರು ಮಂದಿ ಮೊಮ್ಮಕ್ಕಳು. ಎಲ್ಲರಿಗಿಂತ ಕಿರಿಯವನಿಗೆ ಮೂರು ತುಂಬಲು ಇನ್ನೂ ಮೂರು ತಿಂಗಳಿತ್ತು. 2012ರ ಅಕ್ಟೋಬರಿನಲ್ಲಿ ಆ ಮಗು ಬಿಳಿಚಿಕೊಂಡಿತು. ಕಾಲು ನೋವೆಂದು ನಡೆಯಲೊಲ್ಲದಾಯಿತು. ಮೊಣಕಾಲ ಕೆಳಗೆ ಪೆಟ್ಟಿಲ್ಲದೆಯೇ ನೀಲಿ ಕಲೆಗಳು. ಅಂಗಿ ತೊಡಿಸುವಾಗ ಆ ಕಲೆಗಳನ್ನು ಕಂಡ ನನ್ನ ಎದೆ ಧಸಕ್ಕೆಂದಿತು. ತಾಯಿಗೆ ಹೇಳಬೇಕಾದವಳು ನಾನೇ ಆದೆ. ಎರಡು ದಿನಗಳಲ್ಲಿ ರೋಗದ ಹೆಸರು ತಿಳಿಯಿತು: ಲ್ಯುಕೇಮಿಯ, ರಕ್ತದ ಕ್ಯಾನ್ಸರ್.

ಅವರು ಮಗುವನ್ನು ಸೇರಿಸಿದ್ದು ಎಯಿನ್ ಕೆರೆಮಿನ ಮೇಲಣ ಬೆಟ್ಟದಲ್ಲಿರುವ ಹಡಸ್ಸಾ ಆಸ್ಪತ್ರೆಗೆ. ಕೆಳಗಿನ ಕಣಿವೆಯ ಊರು ನಮಗೆಲ್ಲ ಪರಿಚಿತ: ಸ್ನಾನಿಕ ಯೊವಾನ್ನರು ಹುಟ್ಟಿದರೆಂದೂ, ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂಧಿಸಿದರೆಂದೂ ನಾವು ನಂಬುವ ಸ್ಥಳ. ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಮಾರ್ಕ್ ಶಗಾಲ್ ಎಂಬ ಚಿತ್ರಕಾರನ ಹನ್ನೆರಡು ಬಣ್ಣದ ಗಾಜಿನ ಕಿಟಕಿಗಳಿವೆ. ಇಸ್ರಯೇಲಿನ ಹನ್ನೆರಡು ಕುಲಗಳಿಗೆ ಹನ್ನೆರಡು. ಯಾತ್ರಿಕರು ದೂರದೂರದಿಂದ ಬಂದು ನೋಡುತ್ತಾರೆ. ಆ ತಾಯಿ ಎರಡು ವರ್ಷಗಳಲ್ಲಿ ಒಮ್ಮೆಯೂ ಒಳಗೆ ಹೋಗಿ ಅವನ್ನು ನೋಡಲಿಲ್ಲ. ಪುರುಸೊತ್ತಿರಲಿಲ್ಲ.

ಚಿಕಿತ್ಸೆಯೆಂದರೆ ಒಂದು ದಿನದ ಮಾತಲ್ಲ. ಮೊದಲ ತಿಂಗಳು ತೀವ್ರ ಮದ್ದು. ಆಮೇಲೆ ತಿಂಗಳುಗಟ್ಟಲೆ ಸುತ್ತುಸುತ್ತಾಗಿ ಮದ್ದು. ಕೊನೆಗೆ ದಿನವೂ ಮನೆಯಲ್ಲೇ ನುಂಗುವ ಮಾತ್ರೆ. ಎಲ್ಲ ಸೇರಿ ಎರಡು ವರ್ಷಕ್ಕೆ ಕಡಿಮೆಯಿಲ್ಲ. ರಕ್ತನಾಳಕ್ಕೆ ಮದ್ದು, ಬೆನ್ನುಹುರಿಯ ನೀರಿಗೂ ಮದ್ದು. ರೋಗದ ಕಣಗಳ ಜೊತೆಗೆ ಒಳ್ಳೆಯ ಕಣಗಳೂ ಸಾಯುವುದರಿಂದ, ಬೇರೆಯವರಿಗೆ ನೆಗಡಿಯಾಗಿ ಹೋಗುವುದು ಈ ಮಕ್ಕಳಿಗೆ ಪ್ರಾಣಾಂತಿಕವಾಗಬಹುದು.

ಇಲ್ಲಿ ಒಂದು ಮಾತು ಹೇಳದಿರಲಾರೆ. 1947ರ ಕೊನೆಯಲ್ಲಿ ಅಮೆರಿಕೆಯ ಬಾಸ್ಟನ್ ನಗರದಲ್ಲಿ ಸಿಡ್ನಿ ಫಾರ್ಬರ್ ಎಂಬ ಯೆಹೂದ್ಯ ವೈದ್ಯರು ಈ ರೋಗದ ಮಕ್ಕಳಿಗೆ ಅಮಿನೋಪ್ಟೆರಿನ್ ಎಂಬ ಮದ್ದನ್ನು ಕೊಟ್ಟು ನೋಡಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರೆಂದು 1948ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ವೈದ್ಯರ ಕೈಯಲ್ಲಿ ಏನೂ ಇರಲಿಲ್ಲ. ಆ ಮದ್ದನ್ನು ಸಿದ್ಧಪಡಿಸಿಕೊಟ್ಟ ತಂಡದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಇಂದು ಬಳಸುವ ಮೆಥೊಟ್ರೆಕ್ಸೇಟ್ ಅದರ ಒಡಹುಟ್ಟು. ಇನ್ನೊಂದು ಮುಖ್ಯ ಮದ್ದು ವಿಂಕ್ರಿಸ್ಟೀನ್. ಅದು ದೊರೆಯುವುದು ನಮ್ಮ ಸಮಾಧಿಗಳ ಮೇಲೆ ತಾನಾಗಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಈಗ ಒಳ್ಳೆಯ ಆಸ್ಪತ್ರೆಗಳಿರುವ ದೇಶಗಳಲ್ಲಿ, ಮಕ್ಕಳಿಗೆ ಹೆಚ್ಚಾಗಿ ಬರುವ ಈ ಬಗೆಯ ಲ್ಯುಕೇಮಿಯಾದಲ್ಲಿ, ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಸವ್ತಾ ಮಾತ್ರ ಇದನ್ನು ನಂಬಲಿಲ್ಲ. ಅವರ ತಮ್ಮ 1946ರಲ್ಲಿ ಇದೇ ರೋಗದಿಂದ ಆರು ವಾರಗಳಲ್ಲಿ ತೀರಿಕೊಂಡಿದ್ದ. ಇನ್ನೊಂದು ವರ್ಷ ತಡೆದಿದ್ದರೂ ಅವನ ಭಾಗ್ಯ ಹೆಚ್ಚೇನೂ ಬದಲಾಗುತ್ತಿರಲಿಲ್ಲವೇನೋ. ಆದರೂ ಆ ವರ್ಷವನ್ನು ಅವರು ಮರೆಯಲಿಲ್ಲ.

ಆದ್ದರಿಂದಲೇ ಅತ್ತೆ ಸೊಸೆಯರ ನಡುವೆ ಮನಸ್ತಾಪ ಹುಟ್ಟಿತು. ಕಾಯಿಲೆ ಕೈಮೀರಿದವರಿಗೆ ಇನ್ನೊಂದು ಹೆಸರನ್ನು ಸೇರಿಸುವ ಹಳೆಯ ರೂಢಿ ಅವರಲ್ಲುಂಟು. ‘ಹಯೀಮ್’, ಅಂದರೆ ಜೀವ ಎಂಬ ಹೆಸರನ್ನು ಸೇರಿಸಿರೆಂದು ಸವ್ತಾ ಮೊದಲ ವಾರದಿಂದಲೇ ಹಟ ಹಿಡಿದರು. ತಾಯಿ ಒಪ್ಪಲಿಲ್ಲ. “ನನ್ನ ಮಗ ಸಾಯುವವನಲ್ಲ. ಅವನಿಗೆ ನಾನಿಟ್ಟ ಹೆಸರು ಸಾಕು” ಎಂದರು. ಆಮೇಲೆ ಇಬ್ಬರೂ ನೇರವಾಗಿ ಮಾತನಾಡುವುದನ್ನು ಬಿಟ್ಟರು. “ಸೂಪು ಆರುತ್ತಿದೆಯೆಂದು ಅವಳಿಗೆ ಹೇಳು” ಎಂಬಂತಹ ಮಾತುಗಳನ್ನು ಹೊತ್ತು ತಿರುಗುವುದು ನನ್ನ ಪಾಲಿಗೆ ಬಂತು.

ನೆರೆಹೊರೆಯವರನ್ನು ನೆನೆಯಲೇಬೇಕು. ರೋಗಿಯನ್ನು ನೋಡಲು ಹೋಗುವುದು ಅವರಲ್ಲಿ ಧರ್ಮದ ಕಟ್ಟಳೆ. ನೋಡಬಂದವನು ಅರವತ್ತರಲ್ಲೊಂದು ಪಾಲು ನೋವನ್ನು ಹೊತ್ತೊಯ್ಯುತ್ತಾನೆಂದು ತಾಲ್ಮುದ್ ಗ್ರಂಥದಲ್ಲಿದೆಯಂತೆ. ಆದರೆ ಈ ಮಗುವಿನ ಬಳಿಗೆ ಜನರು ಬರುವಂತಿಲ್ಲ! ಆ ಹೆಂಗಸರು ಬೇರೆ ದಾರಿ ಹುಡುಕಿದರು. ಸರದಿಯ ಪಟ್ಟಿಯೊಂದು ನಮ್ಮ ಅಡಿಗೆಮನೆಯ ಗೋಡೆಗೇರಿತು. ಐದು ಮಕ್ಕಳ ಬಟ್ಟೆ ಒಗೆಯುವವರೊಬ್ಬರು, ಶಾಲೆಗೆ ಕರೆದೊಯ್ಯುವವರೊಬ್ಬರು, ಊಟ ತಂದು ಬಾಗಿಲ ಬಳಿ ಇಟ್ಟು ಸದ್ದಿಲ್ಲದೆ ಹೋಗುವವರೊಬ್ಬರು. ತಿಂಗಳಾಯಿತು, ವರ್ಷವಾಯಿತು, ಪಟ್ಟಿ ಗೋಡೆಯಿಂದ ಇಳಿಯಲಿಲ್ಲ. ನಮ್ಮಲ್ಲಿ ಮೊದಲ ವಾರ ಮನೆ ತುಂಬ ಜನ, ಮೂರನೆಯ ತಿಂಗಳು ಯಾರೂ ಇಲ್ಲ; ಇದನ್ನು ನಾನು ನೊಂದುಕೊಂಡೇ ಹೇಳುತ್ತಿದ್ದೇನೆ.

ಡಿಸೆಂಬರಿನ ಒಂದು ಶುಕ್ರವಾರ ರಾತ್ರಿ. ಸಬ್ಬತ್ತಿನ ದೀಪಗಳನ್ನು ಹಚ್ಚಿ, ಊಟ ಮುಗಿದಿತ್ತು. ಸಬ್ಬತ್ ದಿನ ಅವರು ಬೆಂಕಿ ಹೊತ್ತಿಸರು, ವಿದ್ಯುತ್ ದೀಪದ ಗುಂಡಿ ಒತ್ತರು, ವಾಹನ ನಡೆಸರು. ಮಗುವಿನ ಮೈ ಸುಡುತ್ತಿತ್ತು. ನೋಡಿದೆ: 38.6 ಡಿಗ್ರಿ. ಈ ಮಕ್ಕಳಿಗೆ ಜ್ವರ ಬಂದರೆ ಕಾಯುವಂತಿಲ್ಲ, ಒಡನೆಯೇ ಆಸ್ಪತ್ರೆ ಸೇರಬೇಕು. ನಾನು ಕ್ರೈಸ್ತಳು, ನನಗೆ ಆ ನಿಷೇಧವಿಲ್ಲ. ದೂರವಾಣಿಯತ್ತ ಕೈ ಚಾಚಿದೆ. ತಂದೆ ನನ್ನನ್ನು ತಡೆದರು. ತಾವೇ ದೂರವಾಣಿ ಎತ್ತಿ ಮಾತನಾಡಿದರು, ತಾವೇ ಕಾರಿನ ಬೀಗದ ಕೈ ತೆಗೆದುಕೊಂಡರು. ನನ್ನ ಕೈಯಿಂದ ಮಾಡಿಸಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದ್ದುಂಟು. ಜೀವ ಉಳಿಸಲು ಸಬ್ಬತ್ತನ್ನು ಮೀರುವುದು ಬರಿಯ ವಿನಾಯಿತಿಯಲ್ಲ, ಅದೇ ಕಟ್ಟಳೆ ಎಂದರು. ಅದನ್ನು ಅನ್ಯರಿಂದಲೋ ಮಕ್ಕಳಿಂದಲೋ ಮಾಡಿಸದೆ ಹಿರಿಯರೂ ಜ್ಞಾನಿಗಳೂ ತಾವೇ ಮಾಡಬೇಕೆಂದು ಹನ್ನೆರಡನೆಯ ಶತಮಾನದ ಮೈಮೊನಿಡೀಸ್ ವಿಧಿಸಿದ್ದಾರಂತೆ. ಇಲ್ಲವಾದರೆ ಪ್ರಾಣಕ್ಕಿಂತ ಸಬ್ಬತ್ತೇ ದೊಡ್ಡದೆಂದು ನೋಡುವವರು ತಪ್ಪು ತಿಳಿದಾರು. ಏಳು ವರ್ಷಗಳಲ್ಲಿ ಸಬ್ಬತ್ ದಿನ ಆ ಕಾರು ಸದ್ದು ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಿಂತಿರುಗಿ ಬರಲು ಮಾತ್ರ ಅಂತಹ ಅವಸರವೇನೂ ಇರಲಿಲ್ಲವಷ್ಟೆ. ಶನಿವಾರ ನಕ್ಷತ್ರ ಮೂಡುವವರೆಗೆ ಅವರು ಬೆಟ್ಟದ ಮೇಲೆಯೇ ಉಳಿದರು.

ರಕ್ತಕ್ಕೆ ನಂಜೇರಿತ್ತು. ಮಗುವನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಮೂರನೆಯ ದಿನ ತಾಯಿ ಮನೆಗೆ ಬಂದರು. ಸ್ನಾನ ಮಾಡಲಿಲ್ಲ, ಕೋಟನ್ನೂ ತೆಗೆಯಲಿಲ್ಲ. ನೇರವಾಗಿ ಸವ್ತಾ ಅವರ ಮಂಚದ ಬಳಿ ನಿಂತು, “ಅಮ್ಮಾ, ಆ ಹೆಸರನ್ನು ಸೇರಿಸಿಬಿಡೋಣ” ಎಂದರು. ಸವ್ತಾ ಏನೂ ಹೇಳಲಿಲ್ಲ; ಸರಿದು ಕುಳಿತು ಮಂಚದ ಮೇಲೆ ಜಾಗ ಮಾಡಿಕೊಟ್ಟರು. ಅಂದು ಸಂಜೆ ಪ್ರಾರ್ಥನಾ ಮಂದಿರದಲ್ಲಿ ಹತ್ತು ಮಂದಿ ಗಂಡಸರು ಕೂಡಿ, ನಾವೂ ಹಾಡುವ ಅದೇ ಕೀರ್ತನೆಗಳನ್ನೋದಿ ಹೆಸರನ್ನು ಸೇರಿಸಿದರು. ಜ್ವರ ಇಳಿಯಲು ಮತ್ತೆ ನಾಲ್ಕು ದಿನ ಹಿಡಿಯಿತು. ಹೆಸರಿನಿಂದಲೋ ಮದ್ದಿನಿಂದಲೋ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಜನವರಿಯಲ್ಲಿ ಮೂರು ತುಂಬಿತು. ಗಂಡು ಮಗುವಿನ ಕೂದಲನ್ನು ಅಲ್ಲಿಯವರೆಗೆ ಬೆಳೆಸಿ, ಆ ದಿನ ಮೊದಲ ಬಾರಿ ಕತ್ತರಿಸುವುದು ಅವರ ಸಂಭ್ರಮ. ಹೆಗಲ ಮೇಲೆ ಹರಡಿದ್ದ ಆ ಕೂದಲೆಲ್ಲ ನವೆಂಬರಿನಲ್ಲೇ ದಿಂಬಿನ ಮೇಲೆ ಉದುರಿತ್ತು. ಕತ್ತಿನ ಹಿಂದೆ ನಾಲ್ಕೈದು ಎಳೆ ಉಳಿದಿದ್ದವು. ತಂದೆ ಅವನ್ನು ಬಹಳ ಹೊತ್ತು ತೆಗೆದುಕೊಂಡು, ಒಂದೊಂದಾಗಿ ಕತ್ತರಿಸಿದರು. ಅಕ್ಷರಗಳ ಮೇಲೆ ಜೇನು ಸವರಿ ನೆಕ್ಕಿಸುವುದೂ ಉಂಟು. ಹಸಿ ಜೇನು ಸಲ್ಲದೆಂದು ವೈದ್ಯರು ಹೇಳಿದ್ದರಿಂದ ಸವ್ತಾ ಸಕ್ಕರೆಯ ಪಾಕ ಕಾಯಿಸಿದರು. ಮಗು ಅಕ್ಷರಮಾಲೆಯನ್ನೆಲ್ಲ ನೆಕ್ಕಿ ಮತ್ತೆ ಬೇಕೆಂದಿತು.

ಮಾರ್ಚ್ ಕೊನೆಯಲ್ಲಿ ಪಾಸ್ಖ ಹಬ್ಬ. ಆಗ ಕೊಡುತ್ತಿದ್ದ ಸ್ಟೀರಾಯ್ಡ್ ಮದ್ದಿನಿಂದ ಮಗುವಿಗೆ ತೀರದ ಹಸಿವು. ರಾತ್ರಿ ಎರಡು ಗಂಟೆಗೆ ಅನ್ನ ಕೇಳಿ ಅಳುತ್ತಿತ್ತು. ನನ್ನ ತಟ್ಟೆಯ ಅನ್ನದ ರುಚಿ ಕಂಡಿದ್ದ ಮಗುವದು! ಯೂರೋಪಿನಿಂದ ಬಂದ ಮನೆತನಗಳು ಪಾಸ್ಖದ ದಿನಗಳಲ್ಲಿ ಅಕ್ಕಿಯನ್ನು ಮುಟ್ಟುವುದಿಲ್ಲ. ರಬ್ಬಿಗಳನ್ನು ಕೇಳಿದ್ದಾಯಿತು. ರೋಗಿಯಾದ ಮಗುವಿಗೆ ಕೊಡಿ, ಪಾತ್ರೆ ಬೇರೆ ಇರಲಿ ಎಂದರು. ಅನ್ಯಧರ್ಮದವಳಾದ ನಾನೊಬ್ಬಳೇ ಬೇಯಿಸಿದರೂ ಸಲ್ಲದು. ಒಲೆಯನ್ನು ಹಚ್ಚುವುದು ಅವರ ಕೈಯಾಗಬೇಕು. ಹೀಗೆ ಆ ವಾರವೆಲ್ಲ ನಡುರಾತ್ರಿಯಲ್ಲಿ ತಾಯಿ ಒಲೆ ಹಚ್ಚುತ್ತಿದ್ದರು, ನಾನು ಹೊಸ ಪಾತ್ರೆಯಲ್ಲಿ ಗಂಜಿ ಇಡುತ್ತಿದ್ದೆ. ಹಬ್ಬದ ದಿನ ಹೊಸದಾಗಿ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಮೊದಲೇ ಹಚ್ಚಿಟ್ಟ ದೀಪದಿಂದ ಹೊತ್ತಿಸಿಕೊಳ್ಳುತ್ತಿದ್ದರು. ಅದು ಬೇಯುವವರೆಗೆ ನಾವಿಬ್ಬರೂ ಮಾತಿಲ್ಲದೆ ಕುಳಿತಿರುತ್ತಿದ್ದೆವು.

ಚಿಕಿತ್ಸೆ ಮುಗಿದದ್ದು 2014ರ ಕೊನೆಗೆ. ಸವ್ತಾ 2016ರಲ್ಲಿ ತೀರಿಕೊಂಡರು. ನಾನು ಊರಿಗೆ ಮರಳಿದೆ. 2023ರ ಜನವರಿಯಲ್ಲಿ ಹುಡುಗನಿಗೆ ಹದಿಮೂರು ತುಂಬಿದಾಗ ತಾಯಿ ದೂರವಾಣಿಯಲ್ಲಿ ಕರೆದರು. ಧರ್ಮಗ್ರಂಥವನ್ನು ಓದಲು ಅವನನ್ನು ಎರಡೂ ಹೆಸರು ಸೇರಿಸಿ ಕರೆದರಂತೆ. ರೋಗಿಗಾಗಿ ಪ್ರಾರ್ಥಿಸುವಾಗ ತಾಯಿಯ ಹೆಸರಿನಿಂದ, ಇಂತಹವಳ ಮಗನೆಂದು ಹೇಳುವುದು ಅವರ ಪದ್ಧತಿ. ನಾನೂ ಜಪಸರದ ಕೊನೆಗೆ ಹಾಗೆಯೇ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೆ. ಗ್ರಂಥ ಓದಲು ಕರೆಯುವಾಗಲಾದರೋ ತಂದೆಯ ಹೆಸರು. “ಈ ಸಲ ನನ್ನ ಹೆಸರನ್ನು ಯಾರೂ ಹೇಳಲೇ ಇಲ್ಲ” ಎಂದು ಹೇಳಿ, ಆ ತಾಯಿ ಬಹಳ ಹೊತ್ತು ನಕ್ಕರು.